ಎಂಟು ಅಡಿ ದಾರಿಗೆ ಯಾವ ಯಂತ್ರ?

ನಮ್ಮ ಕಡೆ ಮಣ್ಣು ತೋಡುವ ಹಳದಿ ಯಂತ್ರ ಯಾವ ಕಂಪನಿಯದೇ ಆಗಲಿ, ಅದರ ಹೆಸರು ಜೆಸಿಬಿ. ವನಸ್ಪತಿಯೆಲ್ಲ ಡಾಲ್ಡಾ ಆದ ಹಾಗೆ. ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಎಂಬ ಇಂಗ್ಲೆಂಡಿನವನು 1945ರಲ್ಲಿ ಶುರುಮಾಡಿದ ಕಂಪನಿಗೆ ಬಂದ ಅವನ ಹೆಸರಿನ ಮೂರಕ್ಷರ, ಮಲೆನಾಡಿನ ಅಡಿಕೆ ತೋಟದ ಅಂಚಿಗೆ ಬಂದು ಕನ್ನಡದ ನಾಮಪದವಾಗಿದೆ. ‘ಜೆಸಿಬಿ ಹೊಡೆಸೋದು’ ಎಂದು ಕ್ರಿಯಾಪದವೂ ಆಗಿದೆ. ಕನ್ನಡ ಎಂ.ಎ. ಮಾಡುತ್ತಿರುವ ಮಿತ್ರರು ಬೇಕಾದರೆ ಇದರ ಮೇಲೊಂದು ಪ್ರಬಂಧ ಬರೆಯಲಿ. ನನ್ನ ತಕರಾರು ಬೇರೆ. ಹೆಸರು ಒಂದೇ ಆದ್ದರಿಂದ ಯಂತ್ರವೂ ಒಂದೇ ಎಂದು ಜನ ನಂಬಿಬಿಟ್ಟಿದ್ದಾರೆ. ನಮ್ಮ ಮನೆಯಲ್ಲಿ ಎರಡು ತಿಂಗಳಿನಿಂದ ನಡೆದಿರುವ ಜಗಳದ ಮೂಲ ಇದೇ.

ತೀರ್ಥಹಳ್ಳಿ ಕಡೆ ನಮ್ಮ ಮನೆ. ಟಾರು ರಸ್ತೆಯಿಂದ ಸುಮಾರು 150 ಮೀಟರ್ ಇಳಿಜಾರಿನಲ್ಲಿ ಇಳಿಯಬೇಕು. ದಾರಿಯ ಅಗಲ ಎಂಟು ಅಡಿ. ಒಂದು ಮಗ್ಗುಲಿಗೆ ಆಳೆತ್ತರದ ಧರೆ, ಇನ್ನೊಂದು ಮಗ್ಗುಲಿಗೆ ತೋಟ. ಹೋದ ಮಳೆಗಾಲದಲ್ಲಿ ಅಜ್ಜಿ ಅಂಗಳದಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆಂಬುಲೆನ್ಸು ಮೇಲೆ ರಸ್ತೆಯಲ್ಲೇ ನಿಂತಿತು. ಸುರಿಯುವ ಮಳೆಯಲ್ಲಿ ನಾಲ್ಕು ಜನ ಅವಳನ್ನು ಮಂಚದ ಸಮೇತ ಹೊತ್ತು ಏರಿದರು. ನಾನು ಪುಣೆಯಲ್ಲಿದ್ದೆ. ಎಲ್ಲವನ್ನೂ ಫೋನಿನಲ್ಲಿ ಕೇಳಿದೆ. ಈ ಬೇಸಿಗೆಯೊಳಗೆ ವಾಹನ ಅಂಗಳಕ್ಕೆ ಬರಬೇಕು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

“ಊರಿನವರೆಲ್ಲ ಜೆಸಿಬೀಲೇ ಮಾಡ್ಸಿದಾರೆ ಅಪ್ಪಯ್ಯ. ಎರಡು ದಿನದ ಕೆಲ್ಸಕ್ಕೆ ನೀವು ಎರಡು ತಿಂಗ್ಳು ಯೋಚ್ನೆ ಮಾಡ್ತೀರಿ” ಎಂದು ಅಣ್ಣ.

“ಅದು ಬರೋದೇನೋ ಬರ್ತದೆ. ಕಡಿದ ಮಣ್ಣು ಎಲ್ಲಿ ಹಾಕ್ತದೆ, ನಿನ್ನ ತಲೆ ಮೇಲಾ?” ಎಂದು ಅಪ್ಪಯ್ಯ.

ಅಪ್ಪಯ್ಯನ ಪ್ರಶ್ನೆಯಲ್ಲೇ ಇಡೀ ವಿಷಯವಿದೆ. ಅಣ್ಣ ಹೇಳುವ ಯಂತ್ರಕ್ಕೆ ಬ್ಯಾಕ್‌ಹೋ ಲೋಡರ್ ಎಂದು ಹೆಸರು. ಮುಂದೆ ಮಣ್ಣು ಬಾಚುವ ಅಗಲದ ಬಕೆಟ್ಟು, ಹಿಂದೆ ತೋಡುವ ತೋಳು. ಏಳೆಂಟು ಟನ್ ತೂಕ, ಏಳು ಅಡಿಗೂ ಮೀರಿದ ಅಗಲ. ಟೈರಿನ ಮೇಲೆ ತಾನೇ ಓಡಿ ಬರುತ್ತದೆ, ಲಾರಿ ಬೇಕಿಲ್ಲ. ಹಳ್ಳಿಗಳಲ್ಲಿ ಅದು ಗೆದ್ದಿರುವುದು ಈ ಗುಣದಿಂದಲೇ. ಬಯಲುಸೀಮೆಯ ಹೊಲದಲ್ಲಿ ಅದನ್ನು ಬಿಟ್ಟು ಬೇರೆ ಯಂತ್ರ ಹುಡುಕುವವನನ್ನು ನಾನೂ ಬೈಯುತ್ತೇನೆ. ಆದರೆ ಅದರ ಹಿಂದಿನ ತೋಳು ತಿರುಗುವುದು ಹೆಚ್ಚುಕಡಿಮೆ ಅರ್ಧ ಸುತ್ತು ಮಾತ್ರ. ನಮ್ಮ ದಾರಿಯಲ್ಲಿ ನಿಂತು ಧರೆ ಕಡಿದರೆ ಮಣ್ಣನ್ನು ಆಚೆ ಮಗ್ಗುಲಿಗೇ ಚೆಲ್ಲಬೇಕು. ಅಲ್ಲಿರುವುದು ಅಡಿಕೆ ಮರಗಳ ಬುಡ.

ಎರಡನೆಯದು ಬಾಬ್‌ಕ್ಯಾಟ್. ಇದನ್ನು ಸೂಚಿಸಿದವನು ನನ್ನ ರೂಮ್‌ಮೇಟು, ಮೆಕ್ಯಾನಿಕಲ್ ಓದುವವನು. ಅಮೆರಿಕದ ಮಿನೆಸೋಟದಲ್ಲಿ ಕೆಲ್ಲರ್ ಎಂಬ ಅಣ್ಣತಮ್ಮಂದಿರು 1957ರಲ್ಲಿ ಒಬ್ಬ ಟರ್ಕಿ ಕೋಳಿ ಸಾಕುವವನ ಕೊಟ್ಟಿಗೆ ಬಾಚಲು ಮಾಡಿಕೊಟ್ಟ ಪುಟ್ಟ ಲೋಡರು ಅದರ ಪೂರ್ವಜ. ಈಗಿನದು ಒಂದು ಮಗ್ಗುಲ ಚಕ್ರಗಳನ್ನು ಹಿಂದಕ್ಕೂ ಇನ್ನೊಂದು ಮಗ್ಗುಲದ್ದನ್ನು ಮುಂದಕ್ಕೂ ಓಡಿಸಿ ನಿಂತಲ್ಲೇ ಗಿರ್ರನೆ ತಿರುಗುತ್ತದೆ. ಗಟ್ಟಿ ನೆಲ, ಸಮತಟ್ಟು ಜಾಗ, ಜಲ್ಲಿ ಹರಡುವ ಕೆಲಸ — ಬಹಳ ಚೆನ್ನ. ನಮ್ಮ ಕೆಂಪು ಮಣ್ಣಿನ ಇಳಿಜಾರಿನಲ್ಲಿ ಹಾಗೆ ತಿರುಗಿದರೆ ನೆಲ ಕಿತ್ತು ಬರುತ್ತದೆ. ಧರೆ ಕಡಿಯುವುದಂತೂ ಅದರ ಕಸುಬಲ್ಲ.

ಮೂರನೆಯದನ್ನು ನಾನು ಕಣ್ಣಾರೆ ಕಂಡದ್ದು ಇಲ್ಲಿನ ಪೇಠೆಯೊಂದರ ಗಲ್ಲಿಯಲ್ಲಿ. ನೀರಿನ ಪೈಪಿಗೆ ಚರಂಡಿ ತೋಡುತ್ತಿದ್ದ ಮಿನಿ ಎಕ್ಸ್‌ಕವೇಟರು. ಎರಡು ಕಡೆಯೂ ಹಳೆಯ ಮನೆಗಳು, ನಿಲ್ಲಿಸಿದ ಸ್ಕೂಟರುಗಳು. ಒಂದು ಕನ್ನಡಿಗೂ ತಾಗಿಸದೆ ತಿರುಗುತ್ತಿತ್ತು. ಕ್ಲಾಸು ತಪ್ಪಿಸಿ ಒಂದು ಗಂಟೆ ನೋಡಿದೆ. ಮೂರು ಟನ್ನಿನ ಯಂತ್ರಕ್ಕೆ ಐದು ಅಡಿ ಅಗಲ ಸಾಕು. ರಬ್ಬರಿನ ಪಟ್ಟಿಯ ಮೇಲೆ ಹೋಗುವುದರಿಂದ ಭಾರ ಹಂಚಿಹೋಗಿ ನೆಲ ಅಷ್ಟಾಗಿ ಕುಸಿಯುವುದಿಲ್ಲ. ಮುಂದೆ ಮಣ್ಣು ತಳ್ಳುವ ಸಣ್ಣ ಹಲಗೆಯೂ ಇದೆ. ಎಲ್ಲಕ್ಕಿಂತ ಮುಖ್ಯ, ಮೇಲಿನ ಭಾಗ ಪೂರ್ತಿ ಸುತ್ತು ತಿರುಗುತ್ತದೆ. ಅಂದರೆ ಮುಂದೆ ಧರೆ ಕಡಿದು, ಬೆನ್ನ ಹಿಂದೆ ನಿಂತ ಟ್ರ್ಯಾಕ್ಟರಿನ ಟ್ರೇಲರಿಗೆ ಮಣ್ಣು ತುಂಬಬಹುದು. ತೋಟಕ್ಕೆ ಒಂದು ಹಿಡಿಯೂ ಬೀಳುವುದಿಲ್ಲ.

ಇದನ್ನು ಹೇಳಿದಾಗ ಅಣ್ಣ ಲೆಕ್ಕ ತೆಗೆದ. ಅದು ತಾನಾಗಿ ಬರುವುದಿಲ್ಲ, ಶಿವಮೊಗ್ಗದಿಂದ ಲಾರಿಯ ಮೇಲೆ ತರಿಸಬೇಕು. ಬಕೆಟ್ಟು ಸಣ್ಣದು, ಗಂಟೆಗಳು ಹೆಚ್ಚು. ಎಲ್ಲ ನಿಜ. ಆದರೆ ತೋಟಕ್ಕೆ ಬಿದ್ದ ಮಣ್ಣನ್ನು ಆಳು ಹಚ್ಚಿ ತೆಗೆಸುವ ಖರ್ಚು, ಹೋದ ಮರಗಳ ಬೆಲೆ, ಇವನ್ನು ಅವನ ಚೀಟಿಯಲ್ಲಿ ಬರೆದಿರಲಿಲ್ಲ. ಬಾಡಿಗೆಯನ್ನು ಗಂಟೆಗೆ ಇಷ್ಟು ಎಂದು ಹೋಲಿಸುವುದು ಬಟ್ಟೆಯನ್ನು ತೂಕಕ್ಕೆ ಕೊಂಡ ಹಾಗೆ.

ಇನ್ನೊಂದು ಮಾತು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ವಿಪರೀತ ಮಳೆಯ ಜೊತೆಗೆ ಮನೆ-ರಸ್ತೆಗಳಿಗಾಗಿ ಇಳಿಜಾರನ್ನು ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. ದೊಡ್ಡ ಯಂತ್ರ ಸಿಕ್ಕಾಗ ಅರ್ಧ ದಿನದಲ್ಲಿ ನೆಟ್ಟಗೆ ಗೋಡೆಯ ಹಾಗೆ ಕಡಿದುಬಿಡುವ ಆಸೆ ಬರುತ್ತದೆ. ಧರೆಯನ್ನು ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು. ಮೇಲಿನ ನೀರು ಮುಖದ ಮೇಲೆ ಹರಿಯದಂತೆ ಅಗಳು ತೋಡಬೇಕು. ದಾರಿಯನ್ನು ಧರೆಯ ಕಡೆಗೇ ತುಸು ವಾಲಿಸಿ, ಅಲ್ಲೇ ಚರಂಡಿ ಬಿಡಬೇಕು. ಇವೆಲ್ಲ ನಿಧಾನದ ಕೆಲಸ, ಸಣ್ಣ ಬಕೆಟ್ಟಿನ ಕೆಲಸ. ಯಂತ್ರದಷ್ಟೇ ಅದರ ಆಪರೇಟರನನ್ನೂ ವಿಚಾರಿಸಿಕೊಂಡು ತರಬೇಕು. ಈ ಮಾತಿನಲ್ಲಿ ಮಾತ್ರ ಅಪ್ಪಯ್ಯ, ಅಣ್ಣ ಇಬ್ಬರದೂ ಒಂದೇ ಮತ.

ಕೊನೆಗೆ ಹೀಗೆ ತೀರ್ಮಾನವಾಗಿದೆ. ಅಡಿಕೆ ಕೊಯ್ಲು ಮುಗಿದ ಮೇಲೆ ಮಿನಿ ಎಕ್ಸ್‌ಕವೇಟರು ಬಂದು ಮೂರು ಅಡಿ ಧರೆ ಕಡಿದು ಚರಂಡಿ ಮಾಡುತ್ತದೆ. ಆಮೇಲೆ ಜಂಬಿಟ್ಟಿಗೆ ಚೂರು ಹಾಕಿ, ನೀರು ಹೊಡೆದು, ರೋಲರು ಓಡಿಸುವುದು. ಮೇಲೆ ರಸ್ತೆಯ ಬಾಯಲ್ಲಿ ಜಾಗ ಅಗಲವಿರುವುದರಿಂದ ಅಲ್ಲಿ ಅಣ್ಣನ ಜೆಸಿಬಿಗೂ ಅರ್ಧ ದಿನದ ಕೆಲಸವಿದೆ.

ಅಜ್ಜಿಗೆ ಈಗ ಊರುಗೋಲು ಹಿಡಿದು ಜಗಲಿಯವರೆಗೆ ಬರಲಾಗುತ್ತದೆ. ಮೊನ್ನೆ ಫೋನಿನಲ್ಲಿ ಅವಳು ಕೇಳಿದ್ದು ಒಂದೇ: “ತಿರುವಲ್ಲಿರೋ ಹಲಸಿನ ಮರ ಉಳೀತದೇನೋ?” ಅಪ್ಪಯ್ಯ ಅದರ ಬುಡದಿಂದ ಹತ್ತು ಅಡಿ ಅಳೆದು ಗೂಟ ಹೊಡೆದಿದ್ದಾರೆ. ದಾರಿ ಆ ಗೂಟದ ಆಚೆ ತಿರುಗುತ್ತದೆ.