ಎತ್ತರದ ಕಣ್ಣು

ಜಪಾನಿನ ಫೂಸೊ, ಯಮಾಶಿರೊ ಎಂಬ ಸೋದರಿ ಸಮರನೌಕೆಗಳ ಚಿತ್ರ ನೋಡಿದವರಿಗೆ ಮೊದಲು ನಗು ಬರುತ್ತದೆ. ಹಡಗಿನ ನಡುವೆ ಬೌದ್ಧರ ಪಗೋಡ! ಅಟ್ಟದ ಮೇಲೆ ಅಟ್ಟ, ಅದರ ಮೇಲೊಂದು ಗೂಡು. ಫೂಸೊದ ಗೋಪುರವಂತೂ ಬುಡದಲ್ಲಿ ಕಿರಿದು, ಮೇಲೆ ಭಾರ. ತೇರು ವಾಲಿದಂತೆ ಈಗಲೋ ಆಗಲೋ ಎನ್ನುವ ಹಾಗೆ.

ಅದು ಅಲಂಕಾರವಲ್ಲ, ಲೆಕ್ಕಾಚಾರ. ಭೂಮಿ ಗುಂಡಗಿದೆಯಲ್ಲ, ಕಡಲ ತಡಿಯಲ್ಲಿ ನಿಂತವನಿಗೆ ದಿಗಂತ ಐದು ಕಿಲೋಮೀಟರಿನೊಳಗೇ ಮುಗಿಯುತ್ತದೆ. ನಲವತ್ತು ಮೀಟರ್ ಏರಿದರೆ ಅದು 22 ಕಿ.ಮೀ. ದಾಟುತ್ತದೆ. ನೋಟ ದುಪ್ಪಟ್ಟಾಗಲು ಎತ್ತರ ನಾಲ್ಕು ಪಟ್ಟಾಗಬೇಕು. ವರ್ಗಮೂಲ ಬಲು ಜಿಪುಣ. ಈ ಹಡಗುಗಳಲ್ಲಿದ್ದುದು 14 ಅಂಗುಲದ ಹನ್ನೆರಡು ಫಿರಂಗಿಗಳು. ಫೂಸೊ 1915ರಲ್ಲಿ, ಯಮಾಶಿರೊ 1917ರಲ್ಲಿ ಸೇವೆಗೆ ಇಳಿದವು. 1930ರ ದಶಕದ ನವೀಕರಣದಲ್ಲಿ ಫಿರಂಗಿಗಳ ಮೂತಿ ಇನ್ನಷ್ಟು ಮೇಲೇಳುವಂತಾಗಿ ಗುಂಡುಗಳು 30 ಕಿ.ಮೀ. ಆಚೆಗೂ ಬೀಳತೊಡಗಿದವು. ಗುಂಡು ಹೋಗುವಲ್ಲಿಗೆ ಕಣ್ಣೂ ಹೋಗಬೇಡವೆ? ದೂರಮಾಪಕ, ದುರ್ಬೀನು, ಶೋಧದೀಪ ಎಲ್ಲವೂ ಒಂದರ ಮೇಲೊಂದು ಏರಿ ಕುಳಿತವು. ಗೋಪುರ ಬೆಳೆದದ್ದು ಹೀಗೆ.

ಹಡಗುಗಳ ವೇಗ ಮಾತ್ರ 25 ನಾಟ್ ಮುಟ್ಟಲಿಲ್ಲ. ವಿಮಾನವಾಹಕಗಳ ಕಾಲದಲ್ಲಿ ಇವು ಮುದಿ ಎತ್ತುಗಳು. ಯುದ್ಧದ ಬಹುಭಾಗವನ್ನು ತವರಿನ ನೀರಿನಲ್ಲಿ ತರಬೇತಿಗೆಂದೇ ಕಳೆದವು.

ಕೊನೆಗೆ 1944ರ ಅಕ್ಟೋಬರ್ 25ರ ನಸುಕು. ವೈಸ್ ಅಡ್ಮಿರಲ್ ನಿಶಿಮುರಾ ಇವೆರಡನ್ನೂ ಫಿಲಿಪೀನ್ಸಿನ ಸುರಿಗಾವೊ ಜಲಸಂಧಿಗೆ ನುಗ್ಗಿಸಿದರು. ಕಗ್ಗತ್ತಲು. ಫೂಸೊ ಟಾರ್ಪೆಡೊಗೆ ಸಿಕ್ಕಿತು. ಯಮಾಶಿರೊ ಮುಂದುವರಿಯಿತು. ಎದುರಿಗೆ ಅಡ್ಡಸಾಲಾಗಿ ಆರು ಅಮೆರಿಕನ್ ಸಮರನೌಕೆಗಳು. ಅವೂ ಎಳೆಯವೇನಲ್ಲ, ಮಿಸಿಸಿಪ್ಪಿ ಯಮಾಶಿರೊದ ಓರಗೆಯದೇ. ವೆಸ್ಟ್ ವರ್ಜೀನಿಯಾ 1941ರಲ್ಲಿ ಪರ್ಲ್ ಹಾರ್ಬರಿನ ಕೆಸರಿನಲ್ಲಿ ಕೂತಿದ್ದು, ಎತ್ತಿ ರಿಪೇರಿ ಮಾಡಿ ತಂದ ಹಡಗು. ಆದರೆ ಅದರಲ್ಲಿ ಗುರಿಯಿಡುವ ಹೊಸ ರೇಡಾರ್ ಇತ್ತು. ಇಪ್ಪತ್ತು ಕಿಲೋಮೀಟರಿನಾಚೆಯಿಂದ, ಏನೂ ಕಾಣದ ಇರುಳಿನಲ್ಲಿ, ಮೊದಲ ಬಾರಿಗೇ ಗುಂಡು ತಾಗಿತು. ಯಮಾಶಿರೊದಲ್ಲೂ ರೇಡಾರ್ ಇತ್ತು, ಗುರಿಯಿಡುವಷ್ಟು ನಿಖರವಲ್ಲ. ಅದರ ಫಿರಂಗಿಗಳು ಎದುರಾಳಿಯ ಬೆಂಕಿಯ ಮಿಂಚನ್ನೇ ನೋಡಿ ಹಾರಿಸಬೇಕಾಯಿತು. ಅಷ್ಟೆತ್ತರದ ಅಟ್ಟದ ಮೇಲೆ ದುರ್ಬೀನು ಹಿಡಿದು ನಿಂತ ಹುಡುಗರಿಗೆ ಕಂಡದ್ದು ಅಷ್ಟೇ.

ಎರಡೂ ಹಡಗುಗಳಲ್ಲಿ ಸಾವಿರಕ್ಕೂ ಮಿಕ್ಕಿ ಜನರಿದ್ದರು, ಉಳಿದವರು ಬೆರಳೆಣಿಕೆಯಷ್ಟು. ನಿಶಿಮುರಾ ಯಮಾಶಿರೊದೊಂದಿಗೇ ಮುಳುಗಿದರು. 2017ರಲ್ಲಿ ಪೆಟ್ರೆಲ್ ಎಂಬ ಸಂಶೋಧನಾ ನೌಕೆ ಎರಡರ ಅವಶೇಷಗಳನ್ನೂ ಆ ಜಲಸಂಧಿಯ ತಳದಲ್ಲಿ ಪತ್ತೆ ಮಾಡಿತು.