ಉಳಿಸಿದ ಗೋಡೆಗೂ ಕೂಲಿ ಇದೆ

ಬೆಳಗಿನ ಎಂಟು ಗಂಟೆ. ಕೊಳ್ಳೇಗಾಲದ ಹಳೇ ಬೀದಿಯೊಂದರ ಮನೆ. ಬಚ್ಚಲುಮನೆಯ ಬಾಗಿಲಲ್ಲಿ ನೀವು ನಿಂತಿದ್ದೀರಿ. ಶಿವರಾತ್ರಿ ಹತ್ತಿರ ಬಂದಿದೆ. ಮಹದೇಶ್ವರ ಬೆಟ್ಟಕ್ಕೆ ನಡೆದು ಹೊರಟ ಗುಂಪೊಂದು ‘ಉಘೇ ಮಾದಪ್ಪ’ ಎನ್ನುತ್ತ ಹನೂರಿನ ದಾರಿ ಹಿಡಿದಿದೆ. ವರ್ಷಾನುಗಟ್ಟಲೆ ಆ ದಾರಿ ನಡೆದ ಅವ್ವ ಈಗ ಹಜಾರದಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಾರೆ. ಕುಕ್ಕರಗಾಲಲ್ಲಿ ಕೂತರೆ ಅವರಿಗೆ ಏಳಲಾಗುವುದಿಲ್ಲ. ಅದಕ್ಕೇ ನೆಲದ ಇಂಡಿಯನ್ ಪ್ಯಾನ್ ತೆಗೆದು ಕಮೋಡ್ ಕೂರಿಸಬೇಕು, ಬಿರುಕುಬಿಟ್ಟ ಬೇಸಿನ್ ಬದಲಾಗಬೇಕು, ಗೋಡೆಗೊಂದು ಹಿಡಿಕಂಬಿ ಬೇಕು. ಗೋಡೆಯ ಟೈಲ್ಸ್ ಮಾತ್ರ ಹಾಗೇ ಇರಬೇಕು.

ಯಳಂದೂರಿನಿಂದ ಮೊದಲ ಬಸ್ಸಿಗೆ ಬಂದ ಮೇಸ್ತ್ರಿ ಒಳಗೆ ಕಾಲಿಟ್ಟವರು ತಕ್ಷಣ ಏನನ್ನೂ ಮುಟ್ಟುವುದಿಲ್ಲ, ಸುಮ್ಮನೆ ನೋಡುತ್ತಾರೆ. ಎಂಟು ಇಂಚು ಅಗಲ, ಹನ್ನೆರಡು ಇಂಚು ಎತ್ತರದ ಕೆನೆಬಣ್ಣದ ಟೈಲ್ಸ್, ನಡುವೆ ನೀಲಿ ಹೂವಿನ ಒಂದು ಪಟ್ಟಿ. “ಇದು ಈಗ ಯಾವ ಅಂಗಡೀಲೂ ಸಿಕ್ಕಾಕಿಲ್ಲ ಕನಣ್ಣ” ಎನ್ನುತ್ತಾರೆ. ನಿಜವೇ. ಗುಜರಾತಿನ ಮೋರ್ಬಿಯಿಂದ ಲಾರಿಗಟ್ಟಲೆ ಟೈಲ್ಸ್ ನಮ್ಮ ಊರುಗಳಿಗೆ ಬಂದು ಬೀಳುತ್ತದೆ. ಆದರೆ ಅಲ್ಲಿ ಅಳತೆ, ಬಣ್ಣ, ಹೂವು ಬದಲಾಗುತ್ತಲೇ ಇರುತ್ತವೆ. ಒಂದು ಒಡೆದರೆ ಅದರ ಜೋಡಿ ಹುಡುಕುವುದು ಕಷ್ಟ. ಜೋಡಿ ಸಿಗದೆ ನಾಲ್ಕು ಗೋಡೆಯನ್ನೂ ಕಿತ್ತ ಮನೆಗಳು ಎಷ್ಟೋ.

ಈಗ ಅವರು ಕರಣೆಯನ್ನು ತಿರುಗಿಸಿ ಹಿಡಿದು, ಅದರ ಮರದ ಹಿಡಿಯಿಂದ ಒಂದೊಂದೇ ಟೈಲನ್ನು ತಟ್ಟುತ್ತ ಹೋಗುತ್ತಾರೆ. ನೀವೂ ಕಿವಿಗೊಡಿ. ಹಿಂದೆ ಗಾರೆ ತುಂಬಿದ್ದರೆ ಗಟ್ಟಿ ಸದ್ದು. ಪೊಳ್ಳಾಗಿದ್ದರೆ ‘ಡಬ್’ ಎಂಬ ಸಡಿಲ ಸದ್ದು. ಪೊಳ್ಳಾದ ಕಡೆಯೆಲ್ಲ ಪೆನ್ಸಿಲಿನಿಂದ ಅಡ್ಡಗೆರೆ ಬೀಳುತ್ತದೆ. ಆ ಜಾಗಗಳಲ್ಲಿ ಡ್ರಿಲ್ಲಿಗೆ ಅವಕಾಶವಿಲ್ಲ.

ಮೇಸ್ತ್ರಿಯ ಜೊತೆ ಕೆಲಸಕ್ಕೆ ಬಂದ ಹನೂರು ಕಡೆಯ ಹುಡುಗ ಮೇಲೆ ಹೋಗಿ ಟ್ಯಾಂಕಿನ ಗೇಟ್ ವಾಲ್ವ್ ತಿರುಗಿಸುತ್ತಾನೆ. ಕೆಳಗೆ ನಲ್ಲಿಗಳನ್ನೆಲ್ಲ ಬಿಟ್ಟು ಪೈಪಿನಲ್ಲಿ ಉಳಿದ ನೀರು ಹರಿಸುತ್ತಾರೆ. ಬೇಸಿನ್ನಿನ ಸರದಿ. ಅದರ ಅಂಚಿಗೆ ಮೆತ್ತಿದ್ದ ಹಳೆಯ ಬಿಳಿ ಸಿಮೆಂಟನ್ನು ಗರಗಸದ ಬ್ಲೇಡಿನಿಂದ ಎಳೆ ಎಳೆಯಾಗಿ ಕೊಯ್ದು ಬಿಡಿಸುತ್ತಾರೆ. ಬಿಡಿಸದೆ ಜಗ್ಗಿದರೆ ಬೇಸಿನ್ ಜೊತೆಗೆ ಟೈಲಿನ ಹೊಳಪೂ ಚಕ್ಕೆಯಾಗಿ ಬರುತ್ತದೆ. ಹೊಸ ಬೇಸಿನ್ ಹಳೆಯ ತೂತುಗಳಿಗೇ ಕೂರುವಂಥದ್ದು: ನಿನ್ನೆ ರಟ್ಟಿನ ಮೇಲೆ ಹಳೆಯದರ ಬೆನ್ನಿನ ಗುರುತು ಬರೆದುಕೊಂಡು, ಅದನ್ನೇ ಅಂಗಡಿಗೆ ಒಯ್ದು ಆರಿಸಿದ್ದು. ಗೋಡೆಯನ್ನು ಉಳಿಸುವ ಮನೆಯಲ್ಲಿ ಯಾವ ಸಾಮಾನು ಬರಬೇಕೆಂದು ಹೇಳುವುದು ಗೋಡೆಯೇ. ಬಿಸಿನೀರು ತಣ್ಣೀರು ಬೆರೆಸುವ ನಲ್ಲಿಗೆ ಎರಡು ಪೈಪುಗಳ ನಡುವೆ ಸಾಮಾನ್ಯವಾಗಿ 150 ಮಿಲಿಮೀಟರ್ ಅಂತರ ಬೇಕು. ಸ್ವಲ್ಪ ಹೆಚ್ಚುಕಡಿಮೆಯಿದ್ದರೆ ನಲ್ಲಿಯ ಜೊತೆ ಬರುವ ಸೊಟ್ಟ ಕಾಲುಗಳನ್ನು ತಿರುಗಿಸಿ ಸರಿಮಾಡಬಹುದು. ಕಮೋಡಿನ ಪಕ್ಕದ ಹ್ಯಾಂಡ್ ಶವರಿಗೆ ಹೊಸ ಪೈಪ್ ಎಳೆಯುವ ಗೊಡವೆಯೂ ಇಲ್ಲ. ಹಳೆಯ ನಲ್ಲಿಯ ಜಾಗದಲ್ಲೇ ಎರಡು ಬಾಯಿಯ ಆಂಗಲ್ ಕಾಕ್ ಹಾಕಿದರೆ ಒಂದು ಬಾಯಿ ಕಮೋಡಿನ ಟ್ಯಾಂಕಿಗೆ, ಇನ್ನೊಂದು ಶವರಿಗೆ.

ಇನ್ನು ನೆಲ. ಹುಡುಗನ ಕೈಯಲ್ಲಿ ಚಾಣ, ಸುತ್ತಿಗೆ ನೋಡಿ ನಿಮ್ಮ ಎದೆ ಡವಗುಟ್ಟುತ್ತದೆ. ಮೇಸ್ತ್ರಿ ಅವನನ್ನು ತಡೆದು, ಮೊದಲು ಕಟಿಂಗ್ ಮಷೀನ್ ಹಚ್ಚುತ್ತಾರೆ. ಗೋಡೆಯಿಂದ ಎರಡು ಇಂಚು ಬಿಟ್ಟು ನೆಲದಲ್ಲಿ ಸುತ್ತಲೂ ಒಂದು ಗೀರು. ಇನ್ನು ಮುಂದಿನ ಪೆಟ್ಟುಗಳ ಅದುರು ಆ ಗೀರನ್ನು ದಾಟಿ ಗೋಡೆಯ ಕೆಳಸಾಲಿಗೆ ಹೋಗುವುದು ಕಡಿಮೆ. “ನಡೂಲಿಂದ ಸುರು ಮಾಡು, ಗ್ವಾಡೆ ಕಡೀಕ್ ಚಾಣ ತಿರುಗಿಸ್ಬ್ಯಾಡ ಕನ ಮಗ.” ಪ್ಯಾನ್ ಚೂರುಚೂರಾಗಿ ಬಾಂಡ್ಲಿ ಸೇರುತ್ತದೆ. ಕೆಳಗೆ ಇಟ್ಟಿಗೆ ಚೂರು, ಮರಳು, ಅದರಡಿ ಹಳೆಯ ಟ್ರ್ಯಾಪ್. ಅದನ್ನು ಹೊರತೆಗೆಯಲೇಬೇಕು. ಇಂಡಿಯನ್ ಪ್ಯಾನಿಗೆ ನೀರು ನಿಂತು ವಾಸನೆ ತಡೆಯುವ ಬಾಗು ಕೆಳಗೆ ಬೇರೆಯಾಗಿರುತ್ತದೆ. ಕಮೋಡಿಗೆ ಅದು ಹೊಟ್ಟೆಯೊಳಗೇ ಇದೆ. ಒಂದರ ಕೆಳಗೊಂದು ಎರಡು ಬಾಗು ಉಳಿದರೆ ನಡುವೆ ಗಾಳಿ ಸಿಕ್ಕಿಕೊಂಡು, ಫ್ಲಶ್ ಮಾಡಿದ ನೀರು ಸರಾಗವಾಗಿ ಇಳಿಯುವುದಿಲ್ಲ.

ಹೊಸ ನಾಲ್ಕಿಂಚಿನ ಪೈಪ್ ಕೂರಿಸುವಾಗ ಟೇಪು ಹಿಡಿಯುವ ಕೆಲಸ ನಿಮ್ಮದು. ಆರಿಸಿದ ಕಮೋಡಿಗೆ ಗೋಡೆಯಿಂದ ಪೈಪಿನ ನಡುಮಧ್ಯಕ್ಕೆ ಹನ್ನೆರಡು ಇಂಚು ಬೇಕು. ಒಂಬತ್ತು ಇಂಚಿನವೂ ಅಂಗಡಿಯಲ್ಲಿ ಇದ್ದವು. ಅಳೆಯಬೇಕಾದದ್ದು ಟೈಲಿನ ಮುಖದಿಂದ. ಹಳೇ ಟೈಲ್ಸ್ ಮೇಲೆ ಹೊಸದನ್ನು ಅಂಟಿಸಿದ್ದರೆ ಈ ಲೆಕ್ಕವೂ ತಪ್ಪುತ್ತಿತ್ತು.

ಊಟದ ಹೊತ್ತಿಗೆ ಅವ್ವ ಬಾಗಿಲವರೆಗೆ ಬಂದು ಇಣುಕುತ್ತಾರೆ. ಬೇಸಿನ್ ಕೆಳಗೆ, ಎಂದೋ ಹೊಡೆದ ಮೊಳೆಯಿಂದ ಬಿರುಕುಬಿಟ್ಟ ಒಂದು ಟೈಲು ಅವರ ಕಣ್ಣಿಗೆ ಬಹಳ ದಿನದಿಂದ ಚುಚ್ಚುತ್ತಿದೆ. ಮೇಸ್ತ್ರಿ ಬೆಳಿಗ್ಗೆಯ ಪೆನ್ಸಿಲ್ ಗುರುತುಗಳತ್ತ ನೋಡುತ್ತಾರೆ. ಕಮೋಡಿನ ಟ್ಯಾಂಕು ಮರೆಮಾಡುವ ಜಾಗದಲ್ಲೇ ಪೊಳ್ಳಾದದ್ದೊಂದಿದೆ. ಸುತ್ತಲಿನ ಸಂದನ್ನು ಬ್ಲೇಡಿನಿಂದ ಕೆರೆದು, ತೆಳ್ಳನೆಯ ಪಟ್ಟಿಯನ್ನು ತೂರಿಸಿ ಮೆಲ್ಲಗೆ ಮೀಟಿದರೆ ಅದು ಇಡಿಯಾಗಿ ಅಂಗೈಗೆ ಬರುತ್ತದೆ. ಬಿರುಕಿನದಕ್ಕೂ ಮೊದಲು ಸಂದು ಬಿಡಿಸಿ, ಆಮೇಲೆ ನಡುವಿನಿಂದ ಅಂಚಿಗೆ ಒಡೆಯುತ್ತಾರೆ. ಅಂಚಿನಿಂದ ಒಡೆದರೆ ನೆರೆಯವು ಸೀಳುತ್ತವೆ. ಕಾಣುವ ಜಾಗಕ್ಕೆ ಒಳ್ಳೆಯದು, ಟ್ಯಾಂಕಿನ ಹಿಂದೆ ಬರಿಯ ಗಾರೆ.

ಈ ಮೇಸ್ತ್ರಿಯ ಊರಿನ ಗೌರೀಶ್ವರ ದೇವಸ್ಥಾನದ ಮುಂದೆ ಬಳೆಮಂಟಪವಿದೆ. ಅದರ ಮೂಲೆಗಳಲ್ಲಿ ಕಲ್ಲಿನ ಬಳೆಗಳು ಸರಪಳಿಯಾಗಿ ತೂಗುತ್ತವೆ, ಒಂದೇ ಕಲ್ಲಿನಲ್ಲಿ ಬಿಡಿಸಿದವು. ಅಲ್ಲಿ ಉಳಿಯ ಪೆಟ್ಟಿನಷ್ಟೇ ಎಚ್ಚರ ಬೇಕಾದದ್ದು ಪೆಟ್ಟು ನಿಲ್ಲಿಸುವ ಕಡೆ. ಬಚ್ಚಲಿನ ಕೆಲಸ ಸಣ್ಣದೇ ಇರಬಹುದು, ಆ ಎಚ್ಚರ ಇಲ್ಲೂ ಬೇಕು.

ಮಾರನೆಯ ದಿನ ಹಿಡಿಕಂಬಿ. ಗಟ್ಟಿ ಸದ್ದು ಬಂದ ಕಡೆ ತೂತಿನ ಗುರುತು ಹಾಕಿ ಟೇಪು ಅಂಟಿಸಿ, ಡ್ರಿಲ್ಲಿನ ಹ್ಯಾಮರ್ ಬಂದ್ ಮಾಡಿ, ಟೈಲಿನ ಬಿಟ್ ಹಾಕಿ ನಿಧಾನಕ್ಕೆ ತಿರುಗಿಸುತ್ತಾರೆ. ಬಿಸಿಯಾಗದಂತೆ ಹುಡುಗ ಬಟ್ಟೆ ಹಿಂಡಿ ಹನಿ ಹನಿ ನೀರು ಬಿಡುತ್ತಾನೆ, ಮೋಟಾರಿನ ಮೇಲೆ ಬೀಳದ ಹಾಗೆ. ಬಿಳಿ ಹುಡಿ ಹೋಗಿ ಕೆಂಪು ಹುಡಿ ಬಂತೆಂದರೆ ಇಟ್ಟಿಗೆ ಸಿಕ್ಕಿತು. ಅಲ್ಲಿಂದ ಮುಂದೆ ಮಾತ್ರ ಹ್ಯಾಮರ್. ಬೋಲ್ಟು ಬಿಗಿದ ಮೇಲೆ ಮೇಸ್ತ್ರಿ ತಮ್ಮ ಪೂರ್ತಿ ಭಾರ ಬಿಟ್ಟು ಜೋತುಬೀಳುತ್ತಾರೆ. ಕಂಬಿ ಅಲುಗುವುದಿಲ್ಲ.

ಗೋಡೆಯಲ್ಲಿ ಬೋರ್‌ವೆಲ್ ಗಡಸು ನೀರಿನ ಬಿಳಿ ಕಲೆ ಇದೆ. ಹುಡುಗ ಆಸಿಡ್ ಕೇಳುತ್ತಾನೆ, ಮೇಸ್ತ್ರಿ ಬೇಡವೆನ್ನುತ್ತಾರೆ. ಆಸಿಡ್ ಕಲೆಯ ಜೊತೆ ಸಂದಿನ ಸಿಮೆಂಟನ್ನೂ ತಿನ್ನುತ್ತದೆ. ಮೊದಲು ಸಂದುಗಳನ್ನು ನೀರಿನಿಂದ ನೆನೆಸಿ, ನಿಂಬೆರಸ ಹಚ್ಚಿ ತಿಕ್ಕಿ, ತಡಮಾಡದೆ ತೊಳೆಯುತ್ತಾರೆ. ಸವೆದ ಸಂದುಗಳಿಗೆ ಹೊಸ ಗ್ರೌಟ್ ತುಂಬುತ್ತಾರೆ.

ನೆಲ ಗಟ್ಟಿಯಾದ ಮೇಲೆ ಕಮೋಡ್ ಕೂರುತ್ತದೆ. ಬುಡಕ್ಕೆ ಸಿಲಿಕೋನ್, ಸುತ್ತ ಹಳೇ ಪೇಪರ್: ಎಲ್ಲಾದರೂ ಜಿನುಗಿದರೆ ಕಾಗದ ಹೇಳುತ್ತದೆ. ಟ್ಯಾಂಕಿಗೆ ಎರಡು ಗುಂಡಿ. ಒಂದಕ್ಕೆ ಸುಮಾರು ಮೂರು ಲೀಟರ್, ಇನ್ನೊಂದಕ್ಕೆ ಆರು. ಬೇಸಿಗೆಯಲ್ಲಿ ನೀರಿನ ಬೆಲೆ ಬಲ್ಲ ಹನೂರಿನ ಹುಡುಗ ಚಿಕ್ಕ ಗುಂಡಿಯನ್ನೇ ಅವ್ವನಿಗೆ ಮೊದಲು ತೋರಿಸುತ್ತಾನೆ. ಅವ್ವ ಕಂಬಿ ಹಿಡಿದು ಕೂರುತ್ತಾರೆ, ಯಾರ ಕೈಯನ್ನೂ ಕೇಳದೆ ಏಳುತ್ತಾರೆ.

ಲೆಕ್ಕದ ಹೊತ್ತು. ಟೈಲ್ಸ್ ಕೆಲಸಕ್ಕೆ ನಮ್ಮಲ್ಲಿ ಚದರಡಿಗೆ ಇಷ್ಟು ಎಂದು ಕೊಡುವ ರೂಢಿ. ಆ ಲೆಕ್ಕ ಹಿಡಿದರೆ ಈ ಮೇಸ್ತ್ರಿಗೆ ಸಿಗುವುದು ನೆಲದ ಚೂರುಪಾರು ಅಷ್ಟೆ. ಗೋಡೆಯನ್ನೆಲ್ಲ ಕಿತ್ತು ಹೊಸದು ಹಾಕಿದ್ದರೆ ಅವರ ಜೇಬು ತುಂಬುತ್ತಿತ್ತು, ನಿಮ್ಮ ಮನೆ ಮುಂದೆ ಟ್ರ್ಯಾಕ್ಟರ್ ತುಂಬ ಮಣ್ಣು ಬೀಳುತ್ತಿತ್ತು. ಉಳಿಸುವ ಕೆಲಸಕ್ಕೆ ಚದರಡಿಯ ಅಳತೆ ಇಲ್ಲ. ಆದ್ದರಿಂದ ದಿನಗೂಲಿ ಮಾತಾಡಿ, ನಿಧಾನಕ್ಕೆ ಬೇಕಾದ ದಿನಗಳನ್ನೂ ಸೇರಿಸಿ ಕೊಡಬೇಕು. ತಟ್ಟಿ ನೋಡಿದ ಬೆಳಗಿಗೆ, ಹೊಡೆಯದೆ ಬಿಟ್ಟ ಪೆಟ್ಟಿಗೆ, ಬೇಡವೆಂದ ಆಸಿಡ್ಡಿಗೆ ಕೂಲಿ ಸಲ್ಲಬೇಕು. ಹಾಗೆ ಕೊಡುವ ಮನೆಗಳು ಹೆಚ್ಚಿದರೆ ಆ ಹುಡುಗನೂ ಒಡೆಯುವುದಕ್ಕಿಂತ ಮೊದಲು ಉಳಿಸುವುದನ್ನು ಕಲಿಯುತ್ತಾನೆ.