ಹಳೆಯ ವಿಮಾನವೂ ಯೋಗಕ್ಷೇಮವೂ

ಇಲ್ಲದುದನ್ನು ಸಂಪಾದಿಸುವುದು ಯೋಗ, ಸಂಪಾದಿಸಿದುದನ್ನು ಕಾಪಾಡಿಕೊಳ್ಳುವುದು ಕ್ಷೇಮ ಎಂದು ಪಾಠಶಾಲೆಯಲ್ಲಿ ಕಲಿತು, ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟವನು ನಾನು. ಆದರೂ ಆ ಎರಡು ಪದಗಳ ಅಂತರವು ನನಗೆ ಮನದಟ್ಟಾದುದು ಒಂದು ಹಳೆಯ ವಿಮಾನದ ವ್ಯವಹಾರದಲ್ಲಿ ಎಂದರೆ ವಾಚಕರು ನಗಬಹುದು.

ನನ್ನ ತಮ್ಮನು ಕೋಲಾರದ ಚಿನ್ನದ ಗಣಿಯಲ್ಲಿ ನೀರೆತ್ತುವ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದನು. 2001ನೆಯ ಫೆಬ್ರವರಿ 28ರಂದು ಗಣಿಯು ಮುಚ್ಚಿದಾಗ ಕೈಗೆ ಬಂದ ಹಣದಿಂದ ಬಂಗಾರಪೇಟೆಯ ಬಳಿ ಎರಡು ಎಕರೆ ಹೊಲವನ್ನು ಕೊಂಡನು. ಈಗ ಅವನಿಲ್ಲ, ಹೊಲದ ಪತ್ರಗಳು ನನ್ನ ಪೆಟ್ಟಿಗೆಯಲ್ಲಿವೆ. ವಿಮಾನ ನಡೆಸುವ ವಿದ್ಯೆಯನ್ನು ಕಲಿಯುತ್ತಿದ್ದ ಅವನ ಮಗನು ಒಂದು ಸಂಜೆ ಬಂದು ಹೇಳಿದನು: "ದೊಡ್ಡಪ್ಪ, ಉದ್ಯೋಗದ ಲೈಸೆನ್ಸಿಗೆ 200 ಗಂಟೆಗಳ ಹಾರಾಟ ಬೇಕು. ನನಗೆ 60 ಆಗಿದೆ. ಬಾಡಿಗೆ ಕೊಡುವುದಕ್ಕಿಂತ ಹಳೆಯ ವಿಮಾನವೊಂದನ್ನು ಕೊಂಡು, ಕೆಲಸವಾದ ಮೇಲೆ ಮಾರಿದರೆ ಅಸಲು ಉಳಿಯುತ್ತದೆ. ಹೊಲವನ್ನು ಮಾರೋಣ."

ಅವನು ನೋಡಿಟ್ಟಿದ್ದುದು ಸೆಸ್ನಾ 152 ಎಂಬ ಎರಡಾಸನದ ತರಬೇತಿ ವಿಮಾನ. 1985ರ ನಂತರ ಈ ಬಗೆಯದು ತಯಾರಾಗಿಲ್ಲ. ಬೆಲೆಯೇನೋ ಅಗ್ಗವೆಂದೇ ತೋರಿತು. ನಾನು ಒಪ್ಪಲೂ ಇಲ್ಲ, ನಿರಾಕರಿಸಲೂ ಇಲ್ಲ. ಇಬ್ಬರೂ ಜಕ್ಕೂರಿಗೆ ಹೋಗಿ, ಪರಿಚಿತರಾದ ನಿವೃತ್ತ ವಿಮಾನ ಎಂಜಿನಿಯರೊಬ್ಬರನ್ನು ಕಂಡೆವು.

ಅವರು ವಿಮಾನದ ಚಿತ್ರವನ್ನು ನೋಡಲೇ ಇಲ್ಲ. "ಮೊದಲು ಎಂಜಿನಿನ ದಿನಚರಿ ಪುಸ್ತಕ ತೋರಿಸಿ" ಎಂದರು. ಅದರ ಕೊನೆಯ ಪುಟದಲ್ಲಿ 2250 ಗಂಟೆ ಎಂದಿತ್ತು. ಆ ಎಂಜಿನನ್ನು ಪೂರ್ತಿ ಬಿಚ್ಚಿ ನವೀಕರಿಸಲು ತಯಾರಕರು ಗೊತ್ತುಮಾಡಿರುವ ಅವಧಿ 2400 ಗಂಟೆ; ಹಾರದೆ ನಿಂತಿದ್ದರೂ 12 ವರ್ಷ. ಉಳಿದಿದ್ದುದು 150 ಗಂಟೆ; ಹುಡುಗನಿಗೆ ಬೇಕಾದುದು 140. ಅವನ ಕೆಲಸವು ಮುಗಿಯುವ ಹೊತ್ತಿಗೆ ಎಂಜಿನಿನ ಆಯುಸ್ಸೂ ಮುಗಿಯುವುದು. ಆಗ ಅಸಲು ಕೊಟ್ಟು ಕೊಳ್ಳುವವರಾರು?

ಬಳಿಕ ಅವರು ಖರ್ಚನ್ನು ಎರಡು ಪಟ್ಟಿಯಾಗಿ ಬರೆಸಿದರು. ಹಾರಿದರೆ ಬರುವುದು ಒಂದು: ಗಂಟೆಗೆ ಸುಮಾರು 23 ಲೀಟರ್ ವಿಮಾನದ ಪೆಟ್ರೋಲು, ಎಣ್ಣೆ, ಶಿಕ್ಷಕರ ಸಂಭಾವನೆ, 100 ಗಂಟೆಗೊಮ್ಮೆ ತಪಾಸಣೆ. ಹಾರದಿದ್ದರೂ ಬರುವುದು ಇನ್ನೊಂದು: ನಿಲ್ಲಿಸುವ ಜಾಗದ ಬಾಡಿಗೆ, ವಿಮೆ, ಹಾರಾಟಯೋಗ್ಯತೆಯ ಪತ್ರದ ವಾರ್ಷಿಕ ಖರ್ಚು. ಸುಮ್ಮನೆ ನಿಂತ ಎಂಜಿನು ಒಳಗೊಳಗೇ ತುಕ್ಕು ಹಿಡಿಯುವುದೆಂದೂ ಎಚ್ಚರಿಸಿದರು.

ಈ ಎರಡನೆಯ ಪಟ್ಟಿಯನ್ನು ಬರೆಯುತ್ತಿದ್ದಾಗ ನನಗೆ ತಮ್ಮನ ಮಾತು ನೆನಪಾಯಿತು. "ಅಣ್ಣಾ, ಚಿನ್ನ ಈ ದಿನ ಬಂದೀತು, ಬಾರದೇ ಹೋದೀತು, ನೀರನ್ನು ಮಾತ್ರ ದಿನವೂ ಎತ್ತಲೇಬೇಕು" ಎನ್ನುತ್ತಿದ್ದನು. ಗಣಿ ಮುಚ್ಚಿದ ಮೇಲೆ ಆ ಆಳವಾದ ಬಾವಿಗಳಲ್ಲಿ ನೀರು ತುಂಬಿಕೊಂಡುದನ್ನು ನಮ್ಮ ಸೀಮೆಯವರೆಲ್ಲರೂ ಬಲ್ಲರು. ಆ ಮಾತನ್ನು ಮಗನಿಗೆ ಹೇಳಿದೆನು. ಅವನು ಬಹಳ ಹೊತ್ತು ಮಾತನಾಡದೆ, ಕಡೆಗೆ ತಾನೇ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡನು.

ಒಂದು ಎಕರೆಯನ್ನು ಮಾರಿದೆವು. ಆ ಹಣದಿಂದ ಅವನು ಬಾಡಿಗೆಯ ವಿಮಾನದಲ್ಲಿಯೇ ಗಂಟೆಗಳನ್ನು ತುಂಬಿಸುತ್ತಿದ್ದಾನೆ. ತಮ್ಮನು ಗಳಿಸಿದುದರಲ್ಲಿ ಅರ್ಧವು ಹೋಯಿತೆಂಬ ವ್ಯಥೆ ನನಗಿಲ್ಲದೆ ಇಲ್ಲ. ಆದರೆ ಉಳಿದ ಎಕರೆಯಲ್ಲಿ ಈ ವರ್ಷವೂ ರಾಗಿ ಬಂದಿದೆ. ಅದರ ಮೇಲೆ ವಿಮಾನವೊಂದು ಹಾದುಹೋದರೆ ನಾನೂ ತಲೆಯೆತ್ತಿ ನೋಡುತ್ತೇನೆ.